ಅಂಬಾಸಿಡರ್ ಸೀಟಿನ ಹೊಟ್ಟೆಯೊಳಗೆ

ಹಳೆಯ ಅಂಬಾಸಿಡರ್ ಕಾರಿನ ಹಿಂಬದಿ ಸೀಟನ್ನು ಕಳಚಿ, ಜಗಲಿಯ ಮೇಲೆ ಮಗುಚಿ ಹಾಕಿ, ಅಂಚಿನ ಕ್ಲಿಪ್ಪುಗಳನ್ನು ಇಕ್ಕಳದಿಂದ ಒಂದೊಂದಾಗಿ ಬಿಡಿಸುತ್ತ ಹೋದರೆ ಒಳಗಿನದೆಲ್ಲ ಪದರ ಪದರವಾಗಿ ಹೊರಗೆ ಬರುತ್ತದೆ. ಮೇಲೆ ಬಿಸಿಲಿಗೆ ಬಿರಿದ ರೆಕ್ಸಿನ್. ಅದರ ಕೆಳಗೆ ಹಳದಿಗಟ್ಟಿದ ಹತ್ತಿ, ಇಲ್ಲವೆ ಮುಟ್ಟಿದರೆ ಪುಡಿಯಾಗುವ ಫೋಮು. ಅದರಡಿ ತೆಂಗಿನ ನಾರಿನ ದಪ್ಪ ಹಾಸು. ನಾರಿನ ಕೆಳಗೆ ಗೋಣಿತಾಟು. ಎಲ್ಲಕ್ಕೂ ಕೆಳಗೆ ತುಕ್ಕು ಹಿಡಿದ ಸ್ಪ್ರಿಂಗುಗಳ ಸಾಲು. ಯಾವ ವರ್ಷದ ಕಾರು, ನಡುವೆ ಎಷ್ಟು ಕೈ ಬದಲಾಗಿದೆ ಎನ್ನುವುದರ ಮೇಲೆ ಇವು ಹೆಚ್ಚು ಕಡಿಮೆ ಆಗುತ್ತವೆ. ಹೆಸರುಗಳು ಮಾತ್ರ ಬಹುಪಾಲು ಇವೇ.

ನಮ್ಮ ಹೇಮಾವತಿಯಂಥ ಊರಲ್ಲಿ ಕೂತು ಇಂಥ ಸೀಟನ್ನು ಸ್ವಂತ ಕೈಯಿಂದ ಮತ್ತೆ ಕಟ್ಟಬೇಕೆಂದು ಹೊರಟವರಿಗೆ ಮೊದಲ ತಲೆನೋವು ಸಾಮಾನಿನದು. ಒಂದು ಕಾಲಕ್ಕೆ ಇದು ಹೆಂಜೇರು, ನೊಳಂಬರ ರಾಜಧಾನಿ. ಸಿದ್ಧೇಶ್ವರನ ಗುಡಿ ನೋಡಲು ಈಗಲೂ ದೂರದಿಂದ ಜನ ಬರುತ್ತಾರೆ. ಆಡಳಿತದ ಲೆಕ್ಕದಲ್ಲಿ ಆಂಧ್ರದ ಮಡಕಶಿರಾ ಸೀಮೆ, ಹಿಂದೆ ಅನಂತಪುರ ಜಿಲ್ಲೆ, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಮನೆಮಾತು, ಗುಡಿಯ ಶಾಸನ ಎರಡೂ ಕನ್ನಡ. ಕಾರಿನ ಸಾಮಾನಿಗೆ ಮಾತ್ರ ಶಿರಾ, ಹಿಂದೂಪುರ, ತುಮಕೂರು ಸುತ್ತಬೇಕು. ಅಲ್ಲೂ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ. ಅಲ್ಲಿ ಹೋಗಿ "ಅಂಬಾಸಿಡರ್ ಸೀಟಿಗೆ ಬೇಕು" ಎಂದರೆ ಅಂಗಡಿಯವರು ಈ ವರ್ಷ ಓಡುತ್ತಿರುವ ಬಟ್ಟೆಯನ್ನೇ ಬಿಚ್ಚಿ ತೋರಿಸುತ್ತಾರೆ. ಅದು ಅವರ ತಪ್ಪಲ್ಲ. ಏನು ಬೇಕೆಂದು ಹೇಳಬೇಕಾದವರು ನಾವು. ಹೇಳಬೇಕೆಂದರೆ ಆ ಸೀಟಿನಲ್ಲಿ ಮೊದಲು ಏನಿತ್ತು, ಅದು ಎಲ್ಲಿಂದ ಬಂದದ್ದು ಎನ್ನುವುದು ಗೊತ್ತಿರಬೇಕು.

ಈ ಪದರಗಳ ಕತೆ ಕೆದಕಿದಷ್ಟೂ ಎರಡು ಸಂಗತಿ ಎದ್ದು ಕಾಣುತ್ತವೆ. ಇವುಗಳಲ್ಲಿ ಹಲವನ್ನು ಕಂಡುಹಿಡಿದವರು ಬೇರೆ ಏನನ್ನೋ ಹುಡುಕುತ್ತಿದ್ದವರು. ಇನ್ನೊಂದು, ಬೆಂಗಳೂರಿನಿಂದ ತರಬೇಕೆಂದು ನಾವು ಅಂದುಕೊಂಡದ್ದರಲ್ಲಿ ಎಷ್ಟೋ ನಮ್ಮ ಸೀಮೆಯ ಹೊಲ, ಕಾವಲುಗಳದ್ದು.

ಗೋಣಿಯನ್ನೇ ನೋಡಿ. ಸೆಣಬು ಬಂಗಾಳದ ಬೆಳೆ. ಅದರ ಎಳೆ ಒರಟು, ಯಂತ್ರಕ್ಕೆ ಹಾಕಿದರೆ ತುಂಡಾಗುತ್ತಿತ್ತು. 1830ರ ದಶಕದಲ್ಲಿ ಸ್ಕಾಟ್ಲೆಂಡಿನ ಡಂಡೀ ಪಟ್ಟಣದ ಗಿರಣಿಗಳವರು ತಿಮಿಂಗಿಲದ ಎಣ್ಣೆ ಮತ್ತು ನೀರಿನಿಂದ ಎಳೆಯನ್ನು ಮೆತ್ತಗೆ ಮಾಡಿ ನೂಲುವುದನ್ನು ಕಂಡುಕೊಂಡರು. ಡಂಡೀ ತಿಮಿಂಗಿಲ ಬೇಟೆಯ ಬಂದರೂ ಆಗಿದ್ದರಿಂದ ಎಣ್ಣೆ ಕೈಯಳತೆಯಲ್ಲೇ ಇತ್ತು. 1855ರಲ್ಲಿ ಆ ಯಂತ್ರಗಳು ಕಲ್ಕತ್ತೆಯ ಹತ್ತಿರ, ಹೂಗ್ಲಿ ನದಿಯ ದಡದ ರಿಷ್ರಾಕ್ಕೆ ಬಂದವು. ಅದೇ ದಡದ ಉತ್ತರಪಾರಾದಲ್ಲಿ ಮುಂದೆ ಹಿಂದುಸ್ತಾನ್ ಮೋಟರ್ಸ್ ಕಾರ್ಖಾನೆ ಎದ್ದು, 1950ರ ದಶಕದ ಕೊನೆಯಿಂದ 2014ರವರೆಗೆ ಅಂಬಾಸಿಡರ್ ಕಾರುಗಳನ್ನು ಮಾಡಿತು. ಗೋಣಿಗಾಗಿ ಯಾರೂ ಬೆಂಗಳೂರಿಗೆ ಹೋಗಬೇಕಿಲ್ಲ. ಮಡಕಶಿರಾ ಸಂತೆಯಲ್ಲಿ ಒಳ್ಳೆಯ ಬಿಗಿ ನೇಯ್ಗೆಯ ಚೀಲ ಆರಿಸಿಕೊಂಡು, ಹೊಲಿಗೆ ಬಿಚ್ಚಿ, ಒಗೆದು ಒಣಗಿಸಿದರೆ ಸಾಕು. ಸ್ಪ್ರಿಂಗಿನ ಮೇಲೆ ಅದನ್ನು ಎಳೆದು ಕಟ್ಟದಿದ್ದರೆ ಮೇಲಿನ ನಾರು ಸುರುಳಿಗಳ ನಡುವೆ ಇಳಿದುಹೋಗಿ ಸೀಟು ಹಳ್ಳ ಬೀಳುತ್ತದೆ.

ನಾರಿನ ಕತೆಗೆ ನಾವೇ ವಾರಸುದಾರರು. ಮೊದಲಿನ ಕಾರುಗಳ ಸೀಟಿಗೆ ತುಂಬುತ್ತಿದ್ದದ್ದು ಕುದುರೆಯ ಕೂದಲು. ಸಾರೋಟಿನ ಸೀಟು ಕಟ್ಟುತ್ತಿದ್ದ ಕೈಗಳೇ ಕಾರಿನ ಸೀಟನ್ನೂ ಕಟ್ಟಿದ್ದರಿಂದ ಸಾಮಾನೂ ಅದೇ ಆಯಿತು. ಕೂದಲನ್ನು ಹಗ್ಗದಂತೆ ಹೊಸೆದು, ಆವಿಯಲ್ಲಿ ಬೇಯಿಸಿ, ಒಣಗಿದ ಮೇಲೆ ಬಿಚ್ಚಿದರೆ ಪ್ರತಿ ಎಳೆಯೂ ಸುರುಳಿಯಾಗಿ ನಿಲ್ಲುತ್ತದೆ. ಕೂತಾಗ ಕುಗ್ಗಿ ಎದ್ದಾಗ ಹಿಗ್ಗುತ್ತದೆ. 1930ರ ದಶಕದಲ್ಲಿ ಯೂರೋಪಿನವರು ಈ ಸುರುಳಿಗಳ ಮೇಲೆ ರಬ್ಬರಿನ ಹಾಲು ಸಿಂಪಡಿಸಿ, ಕಾಯಿಸಿ, ಎಳೆಗಳು ತಗಲುವ ಕಡೆಯೆಲ್ಲ ಅಂಟಿಕೊಳ್ಳುವಂತೆ ಮಾಡಿದರು. ಅದೇ ಉಪಾಯ ತೆಂಗಿನ ನಾರಿಗೂ ಒಗ್ಗಿತು. ಕರ್ನಾಟಕದಲ್ಲಿ ಇದನ್ನು ಮನೆಮಾತಾಗಿಸಿದ್ದು ಮಣಿಪಾಲ ಸಮೂಹದವರು 1962ರಲ್ಲಿ ಆರಂಭಿಸಿದ ಕರ್ಲ್‌ಆನ್. ಹಾಸಿಗೆಯೊಳಗಿನ ಆ ರಬ್ಬರು ನಾರೂ ಸೀಟಿನೊಳಗಿನದೂ ಒಂದೇ ಜಾತಿ. ತಿಪಟೂರು, ಗುಬ್ಬಿ, ಅರಸೀಕೆರೆಯ ಕಡೆ ನಾರಿನ ಕೆಲಸ ಇಂದಿಗೂ ನಡೆದಿದೆ. ನಮ್ಮ ಅಮರಾಪುರದ ಸುತ್ತ ತೆಂಗು ಇದೆ. ಆದ್ದರಿಂದ ಸೀಟಿನ ನಾರು ಹಾಳಾಗಿದ್ದರೆ ಕಿತ್ತೆಸೆದು ಪೂರ್ತಿ ಫೋಮು ತುಂಬಿಸುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಎಳೆಗಳ ನಡುವೆ ಗಾಳಿ ಆಡುವುದರಿಂದ ನಮ್ಮ ಬೇಸಿಗೆಯಲ್ಲಿ ನಾರಿನ ಸೀಟು ಬೆನ್ನು ಬೇಯಿಸುವುದಿಲ್ಲ. ಸ್ಪ್ರಿಂಗೂ ಅದರ ಎತ್ತರ, ಗಡಸುತನಕ್ಕೆ ತಕ್ಕಂತೆ ಕೂರಿಸಿದ್ದು.

ಚರ್ಮದ ಕತೆ ಇನ್ನೂ ದೊಡ್ಡದು. ಅದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

ಅಂಬಾಸಿಡರಿಗಿಂತ ಹಿಂದಿನ ಆಸ್ಟಿನ್, ಮಾರಿಸ್, ಹಿಲ್‌ಮನ್ ಕಾರುಗಳಲ್ಲಿ ಚರ್ಮದ ಸೀಟು ಸಾಮಾನ್ಯ. ಚರ್ಮ ಕೊಳೆಯದಂತೆ ಹದ ಮಾಡಲು ನಮ್ಮ ಕಡೆ ಬಳಸುತ್ತಿದ್ದದ್ದು ತಂಗಡಿ ತೊಗಟೆ. ಮಡಕಶಿರಾದಿಂದ ಪಾವಗಡ, ಶಿರಾವರೆಗೆ ಯಾವ ಬಯಲಿಗೆ ಹೋದರೂ ಕಾಣುವ ಹಳದಿ ಹೂವಿನ ಗಿಡ. ಕೆಲವರು ಆವರಿಕೆ ಎನ್ನುತ್ತಾರೆ. ಕಡ್ಡಿಯಿಂದ ತೊಗಟೆ ಸುಲಿದು, ಜಜ್ಜಿ, ನೀರಲ್ಲಿ ನೆನೆಹಾಕಿ, ಆ ಒಗರು ರಸದಲ್ಲಿ ಚರ್ಮವನ್ನು ವಾರಗಟ್ಟಲೆ ಇಡುತ್ತಿದ್ದರು. ಒಗರು ಒಳಗಿಳಿದಂತೆ ಚರ್ಮ ತಿಳಿ ಹಳದಿಗೆ ತಿರುಗುತ್ತದೆ. ಬೆಳಕಿಗೆ ಬಿದ್ದರೆ ಆ ಬಣ್ಣ ಕೆಂಪಾಗುತ್ತದೆಂದು ಕೊನೆಗೆ ಅಳಲೆಕಾಯಿಯ ನೀರಿನಲ್ಲಿ ಇನ್ನೊಮ್ಮೆ ಅದ್ದಿ ತೆಗೆಯುತ್ತಿದ್ದರು. ಇದನ್ನು ಕಂಡುಹಿಡಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಊರಿನಾಚೆ, ನೀರು ನಿಲ್ಲುವ ಕಡೆ ತೊಟ್ಟಿ ಕಟ್ಟಿಕೊಂಡು, ಊರಿನವರ ಅಸ್ಪೃಶ್ಯತೆಯನ್ನೂ ಸಹಿಸುತ್ತ ಕೆಲಸ ಮಾಡಿದವರು ಅವರು. ಅವರ ಹದ ಲಂಡನ್ನಿನ ಪೇಟೆವರೆಗೂ ಹೋಯಿತು. ಮದ್ರಾಸಿನಿಂದ ಹಡಗೇರುತ್ತಿದ್ದ ಈ ಹಸುವಿನ ಚರ್ಮಕ್ಕೆ ಅಲ್ಲಿ 'ಈಸ್ಟ್ ಇಂಡಿಯಾ ಕಿಪ್ಸ್' ಎಂಬ ಹೆಸರೇ ಇತ್ತು.

ಇದನ್ನು ಹಿಂದಕ್ಕೆ ತಳ್ಳಿದ ಹೊಸ ಹದ ಹುಟ್ಟಿದ್ದು ನ್ಯೂಯಾರ್ಕಿನಲ್ಲಿ, ಹೆಂಗಸರ ಬಿಗಿ ಒಳಉಡುಪಿನ ದೆಸೆಯಿಂದ. ಆ ಉಡುಪಿನ ಉಕ್ಕಿನ ಪಟ್ಟಿಗಳಿಗೆ ಬಿಳಿಯ ತೆಳು ಚರ್ಮ ಸುತ್ತುತ್ತಿದ್ದರು. ಪಟಿಕದಲ್ಲಿ ಹದಮಾಡಿದ ಆ ಚರ್ಮ ತಗಲಿದ ಉಕ್ಕು ತುಕ್ಕು ಹಿಡಿಯುತ್ತಿತ್ತು. ಅದರ ವ್ಯಾಪಾರದಲ್ಲಿದ್ದ ಗೆಳೆಯನೊಬ್ಬ ಈ ಕಷ್ಟವನ್ನು ಆಗಸ್ಟಸ್ ಶುಲ್ಟ್ಸ್ ಎಂಬವರ ಮುಂದೆ ಹೇಳಿಕೊಂಡ. ಶುಲ್ಟ್ಸ್ ಚರ್ಮದವರಲ್ಲ, ಬಣ್ಣದ ರಸಾಯನ ಬಲ್ಲವರು. ಉಣ್ಣೆಗೆ ಬಣ್ಣ ಕಚ್ಚಲು ಕ್ರೋಮಿಯಂ ಲವಣ ಹಾಕುವ ರೂಢಿ ಅವರಿಗೆ ಗೊತ್ತಿತ್ತು. ಉಣ್ಣೆಗೆ ಕಚ್ಚುವುದು ತೊಗಲಿಗೇಕೆ ಕಚ್ಚಬಾರದು ಎಂದು ತೊಗಲನ್ನು ಮೊದಲು ಬೈಕ್ರೋಮೇಟ್ ನೀರಿನಲ್ಲಿ ಅದ್ದಿ, ಆಮೇಲೆ ಇನ್ನೊಂದು ತೊಟ್ಟಿಯಲ್ಲಿ ಅದನ್ನು ಹಸಿರು ಕ್ರೋಮಿಯಂ ಆಗಿ ಬದಲಿಸಿದರು. 1884ರಲ್ಲಿ ಪೇಟೆಂಟ್ ಸಿಕ್ಕಿತು. ವಾರಗಟ್ಟಲೆಯ ಕೆಲಸ ಗಂಟೆಗಳ ಲೆಕ್ಕಕ್ಕಿಳಿಯಿತು. ಕ್ರೋಮಿಯಂ ತೊಗಲಿನ ನಾರುಗಳ ನಡುವೆ ಗಟ್ಟಿಯಾದ ಕೊಂಡಿಗಳನ್ನು ಹಾಕುವುದರಿಂದ ಈ ಚರ್ಮ ಕುದಿಯುವ ನೀರಿನ ಬಿಸಿಯನ್ನೂ ತಾಳುತ್ತದೆ. ತೊಗಟೆಯಲ್ಲಿ ಹದಮಾಡಿದ್ದು ಅದಕ್ಕಿಂತ ಕಡಿಮೆ ಬಿಸಿಯಲ್ಲೇ ಮುದುರುತ್ತದೆ.

ಈ ಕ್ರೋಮ್ ಹದ ದಕ್ಷಿಣ ಭಾರತಕ್ಕೆ ಬಂದ ದಾರಿ ನಮ್ಮ ಬಾವಿಗಳ ಮೇಲೆ ಹಾದುಹೋಗುತ್ತದೆ. ಆಲ್‌ಫ್ರೆಡ್ ಚಾಟರ್ಟನ್ ಎಂಬ ಎಂಜಿನಿಯರ್ ಮದ್ರಾಸಿನ ಸ್ಕೂಲ್ ಆಫ್ ಆರ್ಟ್ಸ್‌ನಲ್ಲಿ ಮೊದಲು ಅಲ್ಯುಮಿನಿಯಂ ಪಾತ್ರೆಗಳ ತಯಾರಿಕೆ ಆರಂಭಿಸಿದ್ದವರು. 1903ರಲ್ಲಿ ಅಲ್ಲೇ ಕ್ರೋಮ್ ಹದದ ಪ್ರಯೋಗಕ್ಕೆ ಕೈ ಹಾಕಿದರು. ಅವರ ಕಣ್ಣಿನಲ್ಲಿದ್ದ ಬಳಕೆಗಳಲ್ಲಿ ಮುಖ್ಯವಾದದ್ದು ಕಪಿಲೆಯ ಬಾನಿ. ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಎಳೆಯುತ್ತ ಬಾವಿಯಿಂದ ನೀರೆತ್ತುತ್ತಿದ್ದ ಆ ಚರ್ಮದ ಬಾನಿ ದಿನವಿಡೀ ನೆನೆದು, ರಾತ್ರಿ ಒಣಗಿ ಬೇಗ ಕೊಳೆಯುತ್ತಿತ್ತು. ನೀರಿಗೆ ಬಗ್ಗದ ಕ್ರೋಮ್ ಚರ್ಮ ಅದಕ್ಕೆ ಸರಿಹೋಗಬಹುದೆಂಬುದು ಅವರ ಎಣಿಕೆ. ಬಳ್ಳಾರಿ, ಅನಂತಪುರದಂಥ ಮಳೆ ಕಾಣದ ಜಿಲ್ಲೆಗಳೆಲ್ಲ ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದು, ಬಾವಿಯನ್ನೇ ನಂಬಿದ್ದವು. ಇದೇ ಚಾಟರ್ಟನ್ 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾಗಿ ಬಂದರು. ಮೈಸೂರಿನ ಗಂಧದೆಣ್ಣೆ ಕಾರ್ಖಾನೆಯ ಹಿಂದೆಯೂ ಅವರ ದುಡಿಮೆ ಇದೆ. ಬಾನಿಗಾಗಿ ಬೇಕಿದ್ದ ಗುಣಗಳನ್ನೇ ಕಾರಿನ ಸೀಟೂ ಕೇಳುತ್ತದೆ: ಬೆವರಿಗೆ, ಬಿಸಿಲಿಗೆ, ತಿಕ್ಕಾಟಕ್ಕೆ ಬಗ್ಗಬಾರದು. ಇಂದು ಕಾರಿನ ಸೀಟಿಗೆಂದು ಮಾರುವ ಚರ್ಮದಲ್ಲಿ ದೊಡ್ಡ ಪಾಲು ಕ್ರೋಮಿನದೇ.

ಕೈಯಲ್ಲಿರುವ ಚರ್ಮ ಯಾವುದೆಂದು ತಿಳಿಯಲು ಹರಿತವಾದ ಬ್ಲೇಡಿನಿಂದ ಅಂಚನ್ನು ಒಂದು ಎಳೆಯಷ್ಟು ಕತ್ತರಿಸಿ ಒಳಮೈ ನೋಡಿ. ಬೂದು ಅಥವಾ ನೀಲಿ ಹಸಿರು ಛಾಯೆ ಕಂಡರೆ ಕ್ರೋಮು. ಬೆಲ್ಲದ ಬಣ್ಣವಿದ್ದರೆ ತೊಗಟೆ. ತೊಗಟೆಯ ಚರ್ಮ ಒಣಗಿ ಗಡುಸಾಗಿದ್ದರೆ ಒದ್ದೆ ಮಾಡಿ ಬಿಸಿಲಿಗೆ ಹಾಕಬೇಡಿ, ಮುದುರಿ ಹಲಗೆಯಾಗುತ್ತದೆ.

ಇನ್ನು ರೆಕ್ಸಿನ್. ಅದರ ಮೊದಲ ತಾಯಿ ಮದ್ದುಗುಂಡಿನ ಹತ್ತಿ. 1840ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ ಶೋನ್‌ಬೈನ್ ಎಂಬ ಪ್ರಾಧ್ಯಾಪಕರು ಚೆಲ್ಲಿದ ಆಮ್ಲವನ್ನು ಹೆಂಡತಿಯ ಹತ್ತಿಯ ಏಪ್ರನ್‌ನಿಂದ ಒರೆಸಿ ಒಲೆಯ ಬಳಿ ಒಣಹಾಕಿದರಂತೆ. ಅದು ಭಗ್ಗೆಂದು ಉರಿದು ಮಾಯವಾಯಿತಂತೆ. ಏಪ್ರನ್ನಿನ ಮಾತು ನಿಜವಿರಲಿ ಬಿಡಲಿ, ಹತ್ತಿಯನ್ನು ನೈಟ್ರಿಕ್ ಆಮ್ಲದಲ್ಲಿ ಸಿಡಿಮದ್ದಾಗಿಸುವುದು ಅವರಿಂದ ಬಂತು. ಅದನ್ನೇ ಇನ್ನಷ್ಟು ಸೌಮ್ಯಗೊಳಿಸಿ ದ್ರಾವಣ ಮಾಡಿ, ಕರ್ಪೂರದ ಎಣ್ಣೆ, ಹರಳೆಣ್ಣೆಯಂಥವನ್ನು ಬೆರೆಸಿ ಹತ್ತಿ ಬಟ್ಟೆಯ ಮೇಲೆ ಬಳಿದು, ಬಿಸಿ ಉರುಳೆಯಿಂದ ಚರ್ಮದ ಗೆರೆ ಒತ್ತಿದರೆ ಚರ್ಮದಂಥ ಬಟ್ಟೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರದ ಹೈಡ್ ಊರಿನ ಕಂಪನಿ ಇದನ್ನು ರೆಕ್ಸಿನ್ ಎಂಬ ಹೆಸರಿನಲ್ಲಿ ಮಾರಿತು. ಅಮೆರಿಕದಲ್ಲಿ ಸಿಡಿಮದ್ದಿನ ಕಂಪನಿ ಡ್ಯೂಪಾಂಟ್ ತನ್ನ ಸಾಮಾನಿಗೆ ಶಾಂತಿಕಾಲದ ದಾರಿ ಹುಡುಕುತ್ತ 1910ರಲ್ಲಿ ಇಂಥದೇ ಫ್ಯಾಬ್ರಿಕಾಯ್ಡ್ ಕಾರ್ಖಾನೆಯನ್ನು ಕೊಂಡುಕೊಂಡಿತು. ಎರಡನೇ ಮಹಾಯುದ್ಧಕ್ಕೆ ಮುಂಚಿನ ಕಾರಿನಲ್ಲಿ ರೆಕ್ಸಿನ್ ಸಿಕ್ಕರೆ ಅದು ಬಹುಶಃ ಈ ಬಗೆಯದು. ಇದರ ಹತ್ತಿರ ಬೆಂಕಿ ಸುಳಿಯಬಾರದು.

ಅಂಬಾಸಿಡರ್ ಹೊತ್ತುಕೊಂಡು ತಿರುಗಿದ್ದು ಇದರ ನಂತರದ ವಿನೈಲ್ ರೆಕ್ಸಿನ್. 1872ರಲ್ಲಿ ಜರ್ಮನಿಯ ಯೂಗೆನ್ ಬೌಮನ್ ವಿನೈಲ್ ಕ್ಲೋರೈಡ್ ಅನಿಲವನ್ನು ಗಾಜಿನ ನಳಿಕೆಯಲ್ಲಿ ಬಿಸಿಲಿಗಿಟ್ಟಾಗ ಬಿಳಿಯ ಗಟ್ಟಿ ವಸ್ತುವೊಂದು ಸಿಕ್ಕಿತು. ಅದು ಯಾವುದರಲ್ಲೂ ಸರಿಯಾಗಿ ಕರಗಲಿಲ್ಲ, ಯಾವ ಕೆಲಸಕ್ಕೂ ಬರಲಿಲ್ಲ. ಐವತ್ತು ವರ್ಷ ಅದನ್ನು ಬಹುಮಟ್ಟಿಗೆ ಯಾರೂ ಕೇಳಲಿಲ್ಲ. 1926ರಲ್ಲಿ ಅಮೆರಿಕದ ಆಕ್ರನ್ ಊರಿನ ಬಿ.ಎಫ್. ಗುಡ್‌ರಿಚ್ ಟೈರು ಕಂಪನಿಯಲ್ಲಿ ವಾಲ್ಡೊ ಸೆಮನ್ ಎಂಬ ರಸಾಯನ ವಿಜ್ಞಾನಿಗೆ ಸಿಕ್ಕಿದ್ದ ಕೆಲಸವೇ ಬೇರೆ: ಲೋಹಕ್ಕೆ ರಬ್ಬರನ್ನು ಅಂಟಿಸುವ ಗೋಂದು ಹುಡುಕುವುದು. ಆ ಬೇಡದ ಬಿಳಿ ಪುಡಿಯನ್ನು ಬೇಗ ಆವಿಯಾಗದ ಎಣ್ಣೆಯಂಥ ದ್ರವದಲ್ಲಿ ಕುದಿಸಿದರು. ಆರಿದ ಮೇಲೆ ನೋಡಿದರೆ ಅದು ಏನನ್ನೂ ಅಂಟಿಸಲಿಲ್ಲ, ಆದರೆ ಎಳೆದರೆ ಹಿಗ್ಗುತ್ತಿತ್ತು, ನೆಲಕ್ಕೆ ಹಾಕಿದರೆ ಪುಟಿಯುತ್ತಿತ್ತು. ಕಂಪನಿಯ ದೊಡ್ಡವರಿಗೆ ಇದರಿಂದ ಏನು ಪ್ರಯೋಜನ ಎಂದು ಕಾಣಲಿಲ್ಲ. ಸೆಮನ್ ಬಟ್ಟೆಯೊಂದಕ್ಕೆ ಇದನ್ನು ಬಳಿದು, ಮೇಲಧಿಕಾರಿಯ ಮೇಜಿನ ಕಾಗದಗಳ ಮೇಲೆ ಹಾಸಿ, ಅದರ ಮೇಲೆ ನೀರು ಸುರಿದು, ಒಂದು ಹನಿಯೂ ಕೆಳಗಿಳಿಯದ್ದನ್ನು ತೋರಿಸಿದರೆಂದು ಹೇಳುತ್ತಾರೆ. 1933ರಲ್ಲಿ ಪೇಟೆಂಟ್ ಬಂತು. ಸೆಮನ್ ನೂರು ವರ್ಷ ಬದುಕಿ 1999ರಲ್ಲಿ ತೀರಿಕೊಂಡರು.

ಸೆಮನ್ ಬೆರೆಸಿದ ಆ ಎಣ್ಣೆಯಂಥ ದ್ರವವೇ ರೆಕ್ಸಿನ್ನಿನ ಜೀವ. ಬಿಸಿಲಲ್ಲಿ ನಿಂತ ಕಾರಿನೊಳಗೆ ಅದು ವರ್ಷ ವರ್ಷಕ್ಕೂ ಆವಿಯಾಗಿ ಹೊರಡುತ್ತದೆ. ಮುಂದಿನ ಗಾಜಿನ ಒಳಮೈಗೆ ಮಂಜಿನಂತೆ ಕೂರುವ ಜಿಡ್ಡಿನಲ್ಲಿ ಅದರ ಪಾಲಿದೆ. ಅದು ಹೋದಷ್ಟೂ ರೆಕ್ಸಿನ್ ಪೆಡಸಾಗುತ್ತದೆ, ಹೊಲಿಗೆಯ ಸಾಲಿನಲ್ಲಿ ಮೊದಲು ಬಿರಿಯುತ್ತದೆ. ತೆಂಗಿನೆಣ್ಣೆ ಸವರಿದರೆ ಹೊಳಪು ಬರುತ್ತದೆಯೇ ಹೊರತು ಜೀವ ಮರಳುವುದಿಲ್ಲ.

ರೆಕ್ಸಿನ್ ವಿನೈಲ್ ಹೌದೋ ಅಲ್ಲವೋ ಎಂದು ತಿಳಿಯುವ ಹಳೆಯ ಪರೀಕ್ಷೆಯೊಂದಿದೆ. ತಾಮ್ರದ ತಂತಿಯ ತುದಿಯನ್ನು ಸ್ಟವ್ವಿನ ನೀಲಿ ಉರಿಯಲ್ಲಿ ಕೆಂಪಗೆ ಕಾಯಿಸಿ, ಉರಿಯಿಂದ ದೂರ ತಂದು, ಬೇರೆಯಾಗಿ ಕತ್ತರಿಸಿಟ್ಟ ಉಗುರಿನಷ್ಟು ತುಂಡಿಗೆ ತಾಗಿಸಿ, ಅಂಟಿಕೊಂಡ ಚೂರಿನೊಡನೆ ಮತ್ತೆ ಉರಿಗೆ ಹಿಡಿಯಬೇಕು. ವಿನೈಲಿನಲ್ಲಿ ಕ್ಲೋರಿನ್ ಇರುವುದರಿಂದ ಉರಿ ಎಲೆ ಹಸಿರಿಗೆ ತಿರುಗುತ್ತದೆ. ಬಯಲಲ್ಲಿ ನಿಂತು, ಹೊಗೆ ಮೂಗಿಗೆ ಬಾರದಂತೆ ಮಾಡಬೇಕು. ಯುದ್ಧಪೂರ್ವದ ಕಾರಿನ ಬಟ್ಟೆಗೆ ಈ ಪರೀಕ್ಷೆ ಮಾಡಲೇಬಾರದು, ಅದು ಸಿಡಿಮದ್ದಿನ ಸಂತಾನ ಎಂಬುದನ್ನು ಮರೆಯಬೇಡಿ.

ಫೋಮಿನ ಕತೆ ಚಿಕ್ಕದು. 1929ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಡನ್‌ಲಪ್ ಕಾರ್ಖಾನೆಯಲ್ಲಿ ಇ.ಎ. ಮರ್ಫಿ ಎಂಬವರು ರಬ್ಬರಿನ ಹಾಲನ್ನು ಅಡುಗೆಮನೆಯ ಕಡೆಯುವ ಯಂತ್ರದಲ್ಲಿ ನೊರೆಯಾಗಿಸಿ ಹೆಪ್ಪುಗಟ್ಟಿಸಿದರು. ಜೊತೆಗಾರರು ಅದರ ಮೇಲೆ ಕೂತು ನೋಡುವವರೆಗೂ ಒಪ್ಪಲಿಲ್ಲವಂತೆ. ನಮ್ಮಲ್ಲಿ ಇಂದಿಗೂ ಮೆತ್ತನೆಯ ಹಾಸಿಗೆಯನ್ನು ಡನ್‌ಲಪ್ ಎನ್ನುವುದು ಅದರಿಂದ. ಈಗ ಕುಷನ್ ಅಂಗಡಿಗಳಲ್ಲಿ ಸಿಗುವುದು ಅದಲ್ಲ, ಪಾಲಿಯುರೇಥೇನ್. ಅದನ್ನು 1937ರಲ್ಲಿ ಜರ್ಮನಿಯ ಲೆವರ್ಕೂಸೆನ್ನಿನಲ್ಲಿ ಕಂಡುಹಿಡಿದ ಒಟ್ಟೊ ಬೇಯರ್ ತಂಡಕ್ಕೆ ಬೇಕಿದ್ದದ್ದು ಗಟ್ಟಿ ಪ್ಲಾಸ್ಟಿಕ್. ತೇವ ಸೇರಿದಾಗಲೆಲ್ಲ ಇಂಗಾಲದ ಡೈಆಕ್ಸೈಡ್ ಹುಟ್ಟಿ ಒಳಗೆ ಗುಳ್ಳೆ ಏಳುತ್ತಿತ್ತು. ಇದರಿಂದ ತೂತುಗಳ ಚೀಸಿನ ನಕಲು ಮಾಡಬಹುದಷ್ಟೇ ಎಂದು ಪರೀಕ್ಷಕರು ಹಳಿದರು. ಬೇಡವೆಂದ ಆ ಗುಳ್ಳೆಯೇ ಇಂದಿನ ಫೋಮು. ಕೊಳ್ಳುವಾಗ ದಪ್ಪ ನೋಡಿ ಮೋಸಹೋಗಬೇಡಿ, ಡೆನ್ಸಿಟಿ ಕೇಳಿ. ಒಂದು ಘನ ಮೀಟರ್ ಫೋಮು ಎಷ್ಟು ಕಿಲೊ ತೂಗುತ್ತದೆ ಎಂಬ ಲೆಕ್ಕ ಅದು. ಕೂರುವ ಜಾಗಕ್ಕೆ 40ಕ್ಕಿಂತ ಕಡಿಮೆ ಇರುವುದನ್ನು ನಾನು ಹಾಕುವುದಿಲ್ಲ. ಅದೂ ನಾರಿನ ಮೇಲೆ ಒಂದು ತೆಳು ಪದರ ಮಾತ್ರ.

ನೆಲದ ಹಾಸಿನ ಕೆಳಗೆ, ಎಂಜಿನ್ನಿನ ಬಿಸಿ ಮತ್ತು ಸದ್ದು ತಡೆಯಲು ಉಣ್ಣೆಯ ದಪ್ಪ ಹಾಸು ಬೇಕು. ಚಳ್ಳಕೆರೆಯ ಕಡೆ ಕುರುಬರು ನೇಯುವ ಕರಿ ಕಂಬಳಿ ಇದಕ್ಕೆ ಹೇಳಿ ಮಾಡಿಸಿದ್ದು. ದಖನ್ ಕುರಿಯ ಉಣ್ಣೆ ಒರಟು, ಹುಣಸೆ ಬೀಜದ ಗಂಜಿ ಹಾಕಿದ್ದರಿಂದ ಬಟ್ಟೆ ಬಿರುಸಾಗಿ ನಿಲ್ಲುತ್ತದೆ. ಆ ಗಂಜಿಗೆ ಇಲಿ, ಹುಳು ಬರುವ ಸಾಧ್ಯತೆ ಇರುವುದರಿಂದ ಮೊದಲು ಒಗೆದು ಗಂಜಿ ಬಿಡಿಸಿಕೊಳ್ಳುವುದು ಒಳ್ಳೆಯದು.

ಕೊನೆಗೆ ಬಣ್ಣದ ಮಾತು. ಸೀಟಿನ ಮೇಲ್ಮೈ ತೋರಿಸುವ ಬಣ್ಣ ನಿಜವಾದದ್ದಲ್ಲ, ಬಿಸಿಲು ತಿಂದು ಬಿಟ್ಟದ್ದು. ನಿಜವಾದ ಬಣ್ಣ ಪೈಪಿಂಗ್ ಹೊಲಿಗೆಯ ಒಳಮಡಿಕೆಯಲ್ಲಿ, ಕ್ಲಿಪ್ಪಿನಡಿ ಸಿಕ್ಕಿಕೊಂಡ ಅಂಚಿನಲ್ಲಿ ಉಳಿದಿರುತ್ತದೆ. ಹಸಿರೆಂದುಕೊಂಡದ್ದು ಅಲ್ಲಿ ನೀಲಿಯಾಗಿರಬಹುದು. ಅಂಗಡಿಗೆ ಒಯ್ಯಬೇಕಾದದ್ದು ಆ ತುಂಡು. ಹಳೆಯ ಹೊದಿಕೆಯ ಹೊಲಿಗೆಗಳನ್ನು ಬ್ಲೇಡಿನಿಂದ ಬಿಡಿಸಿ, ಪ್ರತಿ ತುಂಡಿನ ಹಿಂದೆ ಸಂಖ್ಯೆ ಬರೆದು, ಅದನ್ನೇ ಅಳತೆಯಾಗಿಟ್ಟು ಹೊಸದನ್ನು ಕತ್ತರಿಸಿದರೆ ಟೇಪು ಹಿಡಿದು ಹೆಣಗಬೇಕಿಲ್ಲ. ಹಳೆಯ ಕಾರುಗಳನ್ನು ಹತ್ತಿರದಿಂದ ನೋಡಿ ಕಣ್ಣು ಪಳಗಿಸಿಕೊಳ್ಳಬೇಕೆಂದರೆ ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದವರ 'ಪಯಣ' ಸಂಗ್ರಹಾಲಯವಿದೆ.

ಹಳೆಯ ಕಾರು ಇಟ್ಟುಕೊಂಡವರಲ್ಲಿ ನನ್ನ ಕೋರಿಕೆ ಇಷ್ಟೆ. ಸೀಟನ್ನು ನೀವೇ ಬಿಚ್ಚಿ, ಇಲ್ಲವೆ ಕುಷನ್ ಅಂಗಡಿಗೆ ಕೊಡಿ, ಆದರೆ ಬಿಚ್ಚಿದ ಸಾಮಾನನ್ನು ತಿಪ್ಪೆಗೆ ಹಾಕುವ ಮುನ್ನ ಒಂದೊಂದು ಪದರದಿಂದ ಅಂಗೈಯಗಲದ ತುಂಡು ಕತ್ತರಿಸಿ, ಕಾರಿನ ಹೆಸರು, ವರ್ಷ ಬರೆದ ಚೀಟಿಯೊಡನೆ ಕಾಗದದ ಲಕೋಟೆಯಲ್ಲಿ ತೆಗೆದಿಡಿ. ಅಂಬಾಸಿಡರ್ ನಿಂತು ವರ್ಷಗಳಾದವು. ಮುಂದೆ ಇದೇ ಕಾರನ್ನು ಸರಿಮಾಡಲು ಕೂರುವವರಿಗೆ ಆ ತುಂಡುಗಳೇ ಆಧಾರ.